ಹುಳಕ್ಕೆ ಆಗುವ ಗಾಳಿ

ನಮ್ಮ ಭಾವ ಚಲಪತಿಗೆ ತಲೆ ಕೆಟ್ಟಿದೆ ಎಂದು ದಿಬ್ಬೂರಹಳ್ಳಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕಲಾದೀತೇ? ಐವತ್ತಾರು ವರ್ಷದ ಗಂಡಸು ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಮುನಿಶಾಮಪ್ಪನ ಮನೆಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಆ ಮನೆಯ ಸೊಸೆ ಯಾಮಿನಿ ಹೊರಗೆ ಬರುವವರೆಗೂ ಬಾಗಿಲನ್ನೇ ನೋಡುತ್ತಿದ್ದರೆ ಜನ ಇನ್ನೇನನ್ನುತ್ತಾರೆ? ನಾನು ಆ ಊರಿನವನಾಗಿದ್ದರೆ ಎರಡು ಬಿಟ್ಟು ಕಳಿಸುತ್ತಿದ್ದೆ. ಆದರೆ ಆತ ನನ್ನ ಅಕ್ಕನ ಗಂಡ. ಅವರು ಅಲ್ಲಿ ಕೂರುವುದು ಆ ಹುಡುಗಿ ಬದುಕಿದ್ದಾಳೋ ಇಲ್ಲವೋ ಎಂದು ನೋಡಿಕೊಳ್ಳಲು. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಮೊದಲಿಂದ ಹೇಳುತ್ತೇನೆ.

ಭಾವನ ಊರು ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿದೆ. ಐಟಿಐ ಮುಗಿಸಿ ಗೌರಿಬಿದನೂರು ಕಡೆಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ತೊಂಡೇಬಾವಿಯಲ್ಲಿ ಒಂದು ರೂಮು, ದಿನಾ ರೈಲು. ನಮ್ಮ ಅಕ್ಕ ವರಲಕ್ಷ್ಮಮ್ಮನನ್ನು ಮದುವೆಯಾಗಿ ಕರೆದುಕೊಂಡು ಹೋದದ್ದೂ ಆ ರೂಮಿಗೇ. ಹನ್ನೊಂದು ವರ್ಷ ಉರಿಯ ಮುಂದೆ ನಿಂತು ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಬಂದರು. ಅಪ್ಪನ ಹಿಪ್ಪುನೇರಳೆ ತೋಟ ಇತ್ತು, ರೇಷ್ಮೆ ಹುಳ ಸಾಕಲು ಮನೆಗೆ ಅಂಟಿಕೊಂಡ ಹಾಗೆ ಒಂದು ಹುಳದ ಮನೆ ಇತ್ತು. ತೋಟ ಭಾವನದು, ಹುಳ ಅಕ್ಕನದು ಎಂದು ಕೆಲಸ ಹಂಚಿಕೊಂಡರು.

ನಮ್ಮ ಕಡೆ ಡಿಸೆಂಬರ್, ಜನವರಿಯ ಚಳಿ ಗೊತ್ತಲ್ಲ. ಚಳಿಗೆ ಹುಳ ಸೊಪ್ಪು ತಿನ್ನುವುದನ್ನೇ ಬಿಟ್ಟು ಮುದುರಿಕೊಳ್ಳುತ್ತದೆ. ಆಗೆಲ್ಲ ಬಾಣಲಿಯಲ್ಲಿ ಇದ್ದಿಲು ಉರಿಸಿ ಹುಳದ ಮನೆಯಲ್ಲಿ ಇಡುತ್ತಿದ್ದರು. ಹುಳ ಬೆಚ್ಚಗಾಗುತ್ತಿತ್ತು, ಅಕ್ಕ ಕೆಮ್ಮುತ್ತಿದ್ದಳು. ಒಂದು ಚಳಿಗಾಲ ನಮ್ಮ ಅಮ್ಮ ಅಲ್ಲಿಗೆ ಹೋಗಿ ಮಗಳ ಕೆಮ್ಮು ಕೇಳಿ, ಅಳಿಯನ ಮುಖ ನೋಡದೆ ಗೋಡೆಗೆ ಹೇಳಿದ ಹಾಗೆ ಹೇಳಿದಳಂತೆ: ಹುಳ ಸತ್ತರೆ ಇನ್ನೊಂದು ಬೆಳೆ ತರಬಹುದು. ಆ ಮಾತು ಭಾವನಿಗೆ ನಾಟಿತು. ಎರಡು ತಿಂಗಳು ಚಿಂತಾಮಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಡಬ್ಬ ಮಾಡಿಸಿಕೊಂಡು ಬಂದರು. ಅಕ್ಕನ ಎದೆಗೆ ಹೊಗೆ ಹೋಗಬಾರದು ಎಂದೇ ಆ ಡಬ್ಬ ಹುಟ್ಟಿದ್ದು.

ಬೀರುವಿನಷ್ಟು ಎತ್ತರದ ಕಬ್ಬಿಣದ ಡಬ್ಬ ಅದು. ಒಳಗೆ ತಗಡಿನ ಕೊಳವೆಗಳು. ಕೊಳವೆಯೊಳಗೆ ಗ್ಯಾಸು ಉರಿಯುತ್ತದೆ, ಉರಿದ ಗಾಳಿ ಚಿಮಣಿಯಿಂದ ಗೋಡೆಯಾಚೆಗೆ ಹೋಗುತ್ತದೆ. ಕೊಳವೆಯ ಹೊರಮೈ ಮೇಲೆ ಒಂದು ಫ್ಯಾನು ಕೋಣೆಯ ಗಾಳಿಯನ್ನು ಊದುತ್ತದೆ, ಆ ಗಾಳಿ ಬೆಚ್ಚಗಾಗಿ ಹುಳದ ಮೇಲೆ ಬರುತ್ತದೆ. ಉರಿದ ಗಾಳಿಗೂ ಉಸಿರಾಡುವ ಗಾಳಿಗೂ ನಡುವೆ ಇರುವುದು ಆ ತಗಡು ಮಾತ್ರ. ನೋಡಿದವರೆಲ್ಲ ನಮಗೂ ಬೇಕು ಎಂದರು. ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ ನಲವತ್ತೊಂದು ಮನೆಗೆ ಚಲಪತಿ ಡಬ್ಬ ಹೋಯಿತು.

ಡಬ್ಬ ಇಟ್ಟು ಬರುವ ಜನ ಅಲ್ಲ ನಮ್ಮ ಭಾವ. ಉರಿ ಕಟ್ಟುವುದು ಎಂದು ಅವರದೊಂದು ಶಾಸ್ತ್ರ ಇತ್ತು. ಗೂಡು ತೂಗುವ ಕೊಕ್ಕೆ ತಕ್ಕಡಿಗೆ ಗ್ಯಾಸ್ ಸಿಲಿಂಡರನ್ನೇ ನೇತುಹಾಕುತ್ತಿದ್ದರು. ಒಂದು ಗಂಟೆ ಉರಿಸಿ, ತೂಕ ಎಷ್ಟು ಇಳಿಯಿತು ಎಂದು ನೋಡುತ್ತಿದ್ದರು. ನಾನೂರು ಗ್ರಾಂ ಇಳಿಯಬೇಕು. ಆಮೇಲೆ ಎರಡು ಥರ್ಮಾಮೀಟರು: ಒಂದು ತಣ್ಣನೆ ಗಾಳಿ ಒಳಗೆ ಹೋಗುವ ಕಡೆ, ಇನ್ನೊಂದು ಬಿಸಿ ಗಾಳಿ ಹೊರಗೆ ಬರುವ ಕಡೆ. ನಡುವೆ ಇಪ್ಪತ್ತು ಡಿಗ್ರಿ ಏರಿರಬೇಕು. ಹೆಚ್ಚು ಏರಿದರೆ ತಗಡು ಕಾದು ಸೀಳುತ್ತದೆ. ಕಡಿಮೆ ಏರಿದರೆ ಕೊಳವೆಯೊಳಗೆ ಬೆವರು ಕಟ್ಟಿ ತುಕ್ಕು ಹಿಡಿಯುತ್ತದೆ. ಲೆಕ್ಕ ಕೂಡಿದ ಮೇಲೆ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ '೪೦೦-೨೦' ಎಂದು ಬರೆದು, ಇದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಮನೆಯವರಿಗೆ ಹೇಳಿ ಎದ್ದು ಬರುತ್ತಿದ್ದರು. ಯಾರೂ ಮುಟ್ಟುತ್ತಿರಲಿಲ್ಲ.

ಗ್ಯಾಸೆಂದರೆ ಹೆಂಗಸರಿಗೆ ಭಯ. ಈ ಗಾಳಿಯಿಂದ ಏನೂ ಆಗಲ್ವಾ ಅಣ್ಣ ಎಂದು ಪ್ರತಿ ಮನೆಯಲ್ಲೂ ಕೇಳುತ್ತಿದ್ದರು. ಅದಕ್ಕೆ ಭಾವ ಒಂದು ಉತ್ತರ ಇಟ್ಟುಕೊಂಡಿದ್ದರು. "ಹುಳಕ್ಕೆ ಆಗೋ ಗಾಳಿ ನಮಗೆ ಆಗಲ್ವೇನಮ್ಮ?" ಅಷ್ಟೇ. ಅಲ್ಲಿಗೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಯಾಕೆಂದರೆ ಹುಳದಂಥ ನಾಜೂಕು ಜೀವ ನಮಗೆ ಇನ್ನೊಂದು ಗೊತ್ತಿಲ್ಲ. ಬೀಡಿ ಸೇದಿದವನು ಹುಳದ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಪಕ್ಕದ ಟೊಮೇಟೊ ತೋಟಕ್ಕೆ ಔಷಧಿ ಹೊಡೆದರೆ ಹುಳ ಸಾಯುತ್ತದೆ. ಊದುಬತ್ತಿ, ಒಗ್ಗರಣೆ, ಮುಟ್ಟು, ಸೂತಕ, ಯಾವುದೂ ಅದಕ್ಕೆ ಆಗುವುದಿಲ್ಲ. ಅಂಥ ಹುಳವೇ ಆರಾಮಾಗಿ ಸೊಪ್ಪು ತಿನ್ನುತ್ತಿದ್ದರೆ ಆ ಗಾಳಿಯನ್ನು ಅನುಮಾನಿಸುವವನು ಮೂರ್ಖ ಎಂದು ನಾನೂ ನಂಬಿದ್ದೆ.

ಎರಡು ವರ್ಷದ ಕೆಳಗೆ ಅಕ್ಕನಿಗೆ ಮುಟ್ಟು ನಿಲ್ಲುವ ಕಾಲ ಬಂತು. ಹುಳದ ಮನೆಗೆ ಹೋದರೆ ಸಾಕು, ಮೈಯೆಲ್ಲ ಉರಿ, ಬೆವರು. ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಸೊಪ್ಪು ಹಾಕುತ್ತಿದ್ದಳು. ಭಾವನಿಗೆ ನೋಡಲಾಗಲಿಲ್ಲ. ತಮ್ಮ ಶಾಸ್ತ್ರವನ್ನು ತಾವೇ ಮುರಿದು ಉರಿ ಇಳಿಸಿದರು. ನಾನೂರನ್ನು ಅಳಿಸಿ ಇನ್ನೂರೈವತ್ತು ಎಂದು ಬರೆದರು. ಹುಳಕ್ಕೇನೂ ಆಗಲಿಲ್ಲ, ಗ್ಯಾಸೂ ಉಳಿಯಿತು, ಅಕ್ಕ ನಕ್ಕಳು. ಅದೇ ಸಂತೋಷದಲ್ಲಿ ಇನ್ನೂ ಏಳು ಮನೆಗೆ ಹೋಗಿ ಅಲ್ಲಿಯೂ ಇಳಿಸಿ ಬಂದರು. ಬೆವರು ಕಟ್ಟಿದರೆ ಕಟ್ಟಲಿ, ಒಂದೆರಡು ವರ್ಷಕ್ಕೆ ತಗಡಿಗೆ ಏನಾಗುತ್ತದೆ ಎಂದುಕೊಂಡರಂತೆ. ಹೆಂಡತಿಯ ಮೇಲಿನ ಪ್ರೀತಿಗೆ ಮಾಡಿದ್ದು. ನಾನು ಬೈಯಬೇಕೆಂದರೂ ಇಲ್ಲಿ ಬೈಯಲು ಬಾಯಿ ಬರುವುದಿಲ್ಲ.

ಹೋದ ಡಿಸೆಂಬರ್‌ನಲ್ಲಿ ಅಕ್ಕನಿಗೆ ತಲೆನೋವು ಶುರುವಾಯಿತು. ನಾನು ಗೂಡ್ಸ್ ಆಟೋ ಇಟ್ಟುಕೊಂಡು ಊರೂರಿನ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವವನು, ಆ ದಾರಿಯಲ್ಲಿ ಬಂದಾಗೆಲ್ಲ ಅವಳ ಮನೆಗೆ ಹೋಗುತ್ತೇನೆ. ಹೋದಾಗ ತಲೆಗೆ ಬಿಗಿಯಾಗಿ ಟವಲು ಕಟ್ಟಿಕೊಂಡಿದ್ದಳು. ನಮ್ಮ ಅಮ್ಮನ ತವರು ಗಡಿಯಾಚೆ, ನೋವಾದಾಗ ಅಕ್ಕನ ಬಾಯಲ್ಲಿ ಅಮ್ಮನ ತೆಲುಗೇ ಬರುತ್ತದೆ. "ತಲನೊಪ್ಪಿ ರಾ ಹರಿ," ಎಂದಳು. "ಮುಲಾಮು ಹಚ್ಚಣ ಅಂದ್ರೆ ಹುಳಕ್ಕೆ ವಾಸನೆ ಆಗಲ್ಲ." ತೋಟಕ್ಕೆ ಸೊಪ್ಪು ಕೊಯ್ಯಲು ಹೋದರೆ ನೋವು ಹೋಗುತ್ತದೆ, ಒಳಗೆ ಬಂದರೆ ಮತ್ತೆ ಹಿಡಿಯುತ್ತದೆ ಎಂದೂ ಹೇಳಿದಳು. ಕೇಳಿಸಿಕೊಂಡಿರಾ? ಅವಳೇ ಹೇಳಿದಳು, ಬಿಡಿಸಿ ಹೇಳಿದಳು. ನಾನೇನು ಮಾಡಿದೆ? ಕೆಲಸಕ್ಕೆ ಬಂದರೆ ನೋವು, ತಿರುಗಾಡಿದರೆ ವಾಸಿ, ಒಳ್ಳೆ ಕಾಯಿಲೆ ಕಣಕ್ಕ ಎಂದು ನಕ್ಕೆ. ಅವಳೂ ನಕ್ಕಳು.

ಭಾವ ಮಾತ್ರ ನಗಲಿಲ್ಲ. ಡಬ್ಬದ ಹತ್ತಿರ ಹೋಗಿ ಮೂಸಿ ನೋಡಿದರು, ಗ್ಯಾಸಿನ ವಾಸನೆ ಇರಲಿಲ್ಲ. ಉರಿದ ಗಾಳಿಗೆ ವಾಸನೆ ಎಲ್ಲಿಂದ ಬರಬೇಕು? ಹುಳದ ತಟ್ಟೆ ಜೋಡಿಸಿದ ಅಟ್ಟಣಿಗೆಯ ಮೇಲೆ ಬಗ್ಗಿ ಹುಳ ನೋಡಿದರು. ಮೂರನೇ ಜ್ವರ ಎದ್ದು, ಎಂದರೆ ಮೂರನೇ ಸಲ ಪೊರೆ ಬಿಟ್ಟು, ಹಸಿದು ತಿನ್ನುತ್ತಿದ್ದ ಹುಳ. ಒಂದೂ ಬಿದ್ದಿರಲಿಲ್ಲ. ಆಮೇಲೆ ಊರವರಿಗೆಲ್ಲ ಹೇಳುತ್ತಿದ್ದ ಮಾತನ್ನು ಅಕ್ಕನಿಗೂ ಹೇಳಿ, ಚಳಿ ಗಾಳಿ ತಲೆಗೆ ಹೊಡೆದಿರಬೇಕು ಎಂದು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದರು. ಅಕ್ಕನ ಮೇಲಿನ ಕಾಳಜಿಗೇ ಅದನ್ನೂ ಹೊಡೆದದ್ದು.

ಎಂಟು ದಿನ ಕಳೆದು ನಾಲ್ಕನೇ ಜ್ವರವೂ ಎದ್ದಿತು. ಅದಾದ ಮೇಲಿನ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಸಾಕುವವರಿಗೆ ಕೂರಲು ಬಿಡುವಿರುವುದಿಲ್ಲ. ಅವತ್ತು ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಚಳಿ. ಭಾವ ಚಿಂತಾಮಣಿಗೆ ಹೋಗಿ ಮಧ್ಯಾಹ್ನ ನಾಲ್ಕು ಗಂಟೆಗೆ ಮನೆಗೆ ಬಂದರು. ಅಕ್ಕ ಹುಳದ ಮನೆಯಲ್ಲಿ ಸೊಪ್ಪಿನ ರಾಶಿಗೆ ಒರಗಿ ಮಲಗಿದ್ದಳು, ಕೈಯಲ್ಲಿ ಒಂದು ಕಡ್ಡಿ ಸೊಪ್ಪು ಹಿಡಿದಿದ್ದಳು. ಭಾವ ಅವಳನ್ನು ದಾಟಿ ಹೋಗಿ ಮೊದಲು ಹುಳ ನೋಡಿದರು. ಹುಳ ಚೆನ್ನಾಗಿತ್ತು. ಏಳೇ, ಸೊಪ್ಪು ಮುಗೀತಾ ಬಂತು ಎಂದರು. ಎರಡು ಸಲ ಹೇಳಿ ಮೂರನೇ ಸಲಕ್ಕೆ ತಿರುಗಿ ನೋಡಿದರು. ಮುಖ ಕೆಂಪಗಿತ್ತಂತೆ, ಬಿಸಿಲಲ್ಲಿ ನಡೆದು ಬಂದವಳ ಹಾಗೆ.

ಹತ್ತಿರದ ಆಸ್ಪತ್ರೆಗೆ ನನ್ನ ಆಟೋದಲ್ಲೇ ಒಯ್ದೆವು. ಒಯ್ಯುವ ಮೊದಲೇ ಮುಗಿದಿತ್ತು. ನೋಡಿದ ಡಾಕ್ಟರು ಶಾಜಿಯಾ, ಶಿಡ್ಲಘಟ್ಟದ ರೀಲರ್ ಬಷೀರ್ ಅಹಮದ್ ಅವರ ಮಗಳು. ಗೂಡಿನಿಂದ ನೂಲು ತೆಗೆಯುವವರ ಮನೆಯಲ್ಲೇ ಹುಟ್ಟಿ ಬೆಳೆದವಳು. ಡಬ್ಬದ ವಿಷಯ ಕೇಳಿ, ಒಳಗೆ ಎಲ್ಲೋ ತೂತಾಗಿ ಉರಿದ ಗಾಳಿ ಕೋಣೆಗೆ ಬಂದಿದೆ, ಅದರ ವಿಷವೇ ಕೊಂದಿದೆ ಎಂದಳು. ಭಾವ ಒಪ್ಪಲಿಲ್ಲ. ಅವಳ ಜೊತೆ ವಾದಕ್ಕೇ ನಿಂತರು.

"ಹಂಗಾದ್ರೆ ಹುಳ ಯಾಕಮ್ಮ ಸಾಯ್ಲಿಲ್ಲ?"

"ಅಂಕಲ್, ಆ ಗಾಳಿ ಹಿಡಿಯೋದು ಕೆಂಪು ರಕ್ತಾನ. ಹುಳದಲ್ಲಿ ಕೆಂಪು ರಕ್ತ ಎಲ್ಲಿದೆ?"

ಹುಳ ಕಾಲಡಿ ಸಿಕ್ಕಿದರೆ ಹಳದಿ ನೀರು ಬರುತ್ತದೆ ಎಂದು ನಮ್ಮ ಕಡೆ ನಡೆಯಲು ಕಲಿತ ಮಗುವಿಗೂ ಗೊತ್ತು. ಭಾವ ಹುಟ್ಟಿದಾಗಿನಿಂದ ನೋಡಿದ್ದಾರೆ, ನಾನೂ ನೋಡಿದ್ದೇನೆ. ನನಗೆ ಎಲ್ಲಿತ್ತೋ ಸಿಟ್ಟು. ಮೂವತ್ತು ವರ್ಷ ಬಹುವಚನದಲ್ಲಿ ಮಾತಾಡಿಸಿದ ಬಾಯಿಯಿಂದ, ನೀನೇ ಕೊಂದೆ ಕಣೋ ಎಂದುಬಿಟ್ಟೆ. ಭಾವ ಹೌದು ಎಂದು ತಲೆ ಆಡಿಸಿದರು. ಜಗಳಕ್ಕೆ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮಣ್ಣು ಮಾಡಿ ಬಂದ ಸಂಜೆ ಹಾರೆ ತೆಗೆದುಕೊಂಡು ಡಬ್ಬ ಒಡೆದರು. ಕೊಳವೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ತಗಡು ತುಕ್ಕು ತಿಂದು ನನ್ನ ಹೆಬ್ಬೆರಳು ಹಿಡಿಸುವಷ್ಟು ತೂತಾಗಿತ್ತು. ಉರಿ ಇಳಿಸಿದ ಎರಡು ಚಳಿಗಾಲದ ಬೆವರು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ನಲವತ್ತೊಂದು ಮನೆಯ ಡಬ್ಬ ನೋಡುವವರು ತಮ್ಮ ಮನೆಯದನ್ನು ಬಿಚ್ಚಿಯೇ ಇರಲಿಲ್ಲ. ತೂತಿಗೆ ಬೆರಳು ಹಾಕಿಕೊಂಡೇ ಅವರು ಇನ್ನೂ ಏಳು ಮನೆ ಇದೆ ಕಣೋ ಎಂದರು. ಅಲ್ಲಿಂದ ಅವರ ಬಾಯಲ್ಲಿ ಬೇರೆ ಮಾತಿಲ್ಲ.

ಅಕ್ಕನ ಹುಳವನ್ನು ಎದುರು ಮನೆಯ ಚನ್ನಕೇಶವ ತನ್ನ ಹುಳದ ಮನೆಗೆ ಸಾಗಿಸಿಕೊಂಡ, ಸೂತಕದವರು ಹುಳ ಮುಟ್ಟುವ ಹಾಗಿಲ್ಲವಲ್ಲ. ಐದನೇ ದಿನವೇ ಭಾವ ಸ್ಪ್ಯಾನರ್ ಹಿಡಿದು ಹೊರಟರು. ಬಿಡಲಾರದೆ ಜೊತೆಗೆ ನಾನೂ ಹೋದೆ. ಒಂದು ಮನೆಯಲ್ಲೂ ಹೊಸಿಲು ದಾಟಲು ಬಿಡಲಿಲ್ಲ. ಹೆಂಡತಿ ಸತ್ತು ಐದು ದಿನಕ್ಕೆ ಹುಳದ ಮನೆ ಬಾಗಿಲಿಗೆ ಬಂದಿದ್ದಾನಲ್ಲ, ಇವನಿಗೇನು ಕೇಡು ಎಂದು ಬೈದರು. ಹನ್ನೊಂದಾಗಲಿ, ಆಮೇಲೆ ಬಾ ಎಂದರು. ಹೊರಗೆ ನಿಂತು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕಟ್ಟುಪಾಡೆಲ್ಲ ಭಾವ ತಾವೂ ಚಾಚೂ ತಪ್ಪದೆ ನಡೆಸಿದವರೇ, ಅದಕ್ಕೆ ಎದುರು ಮಾತಾಡಲು ಅವರಿಗೆ ಬರಲಿಲ್ಲ.

ಹನ್ನೊಂದು ಕಳೆಯಿತು. ಅಷ್ಟರಲ್ಲಿ ಅಕ್ಕನ ಹುಳ ಹಣ್ಣಾಗಿ, ಎಂದರೆ ಸೊಪ್ಪು ಬಿಟ್ಟು ಗೂಡು ಕಟ್ಟುವ ಹದಕ್ಕೆ ಬಂದು, ಚಂದ್ರಿಕೆ ತಟ್ಟೆ ಏರಿ, ಗೂಡು ಕಟ್ಟಿ ಮುಗಿಸಿತ್ತು. ಆ ಗೂಡನ್ನು ನಾನೇ ಮಾರುಕಟ್ಟೆಗೆ ಹೊತ್ತೆ. ಅಂಥ ಗೂಡು ಆ ಮನೆಯಲ್ಲಿ ಯಾವತ್ತೂ ಬಂದಿರಲಿಲ್ಲ. ಒಂದೇ ಅಳತೆ, ಗಟ್ಟಿ, ಒಂದು ಕಲೆ ಇಲ್ಲ. ಬಷೀರ್ ಸಾಹೇಬರು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿ, ಇದು ಯಾರ ಕೈಯ ಗೂಡಪ್ಪ ಎಂದು ಕೇಳಿದರು. ಹೇಳಿದೆ. ಮಗಳಿಂದ ಅವರಿಗೆ ವಿಷಯ ತಿಳಿದಿತ್ತು. ಗೂಡನ್ನು ಮೆಲ್ಲಗೆ ರಾಶಿಯ ಮೇಲೆ ಇಟ್ಟು, ಎರಡೂ ಕೈ ಎತ್ತಿ ದುವಾ ಮಾಡಿದರು. ನಾನು ತೂಕದ ಜಾಗದಲ್ಲಿ, ಅಷ್ಟು ಜನರ ನಡುವೆ, ಅತ್ತೆ.

ಆ ಗೂಡೇ ಭಾವನ ಮಾತಿಗೆ ಕಲ್ಲು ಹಾಕಿದ್ದು. ಗೂಡಿನ ಸುದ್ದಿ ನಮಗಿಂತ ಮೊದಲು ಊರೂರಿಗೆ ಹೋಗಿತ್ತು. ವಿಷದ ಗಾಳಿ ಕುಡಿದ ಹುಳ ಇಂಥ ಗೂಡು ಕಟ್ಟುತ್ತದೆಯೇ? ವರಲಕ್ಷ್ಮಮ್ಮನಿಗೆ ಹೃದಯ ನಿಂತಿರಬೇಕು, ಪಾಪ, ಗಂಡನಿಗೆ ದುಃಖದಲ್ಲಿ ಬುದ್ಧಿ ಪಲ್ಲಟವಾಗಿದೆ ಎಂದರು. ಆದರೂ ಏಳರಲ್ಲಿ ಮೂರು ಮನೆಯವರು ಡಬ್ಬ ಬಿಚ್ಚಲು ಬಿಟ್ಟರು. ಒಂದರಲ್ಲಿ ತುಕ್ಕು ತಗಡು ಬೆರಳೊತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಇನ್ನು ಮೂರು ಮನೆಯಲ್ಲಿ ಬೆಳೆ ಮುಗಿದು ಡಬ್ಬ ಆರಿತ್ತು, ಹಚ್ಚುವ ಮೊದಲು ಕರೆಯುತ್ತೇವೆ ಎಂದರು. ಉಳಿದದ್ದು ದಿಬ್ಬೂರಹಳ್ಳಿಯ ಮುನಿಶಾಮಪ್ಪನ ಮನೆ.

ಅಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು, ಡಬ್ಬ ಉರಿಯುತ್ತಿತ್ತು. ಬಾಗಿಲು ತೆರೆದದ್ದು ಸೊಸೆ ಯಾಮಿನಿ. ಇಪ್ಪತ್ತನಾಲ್ಕು ವರ್ಷ ಇರಬೇಕು. ಹಣೆಗೆ ಬಿಗಿಯಾಗಿ ಟವಲು ಕಟ್ಟಿದ್ದಳು. ಭಾವ, ಎಷ್ಟು ದಿನದಿಂದ ತಲೆನೋವಮ್ಮ ಎಂದು ಕೇಳಿದರು.

"ಒಂದ್ ವಾರ ಆಯ್ತು ಮಾಮ. ನಿದ್ದೆ ಇಲ್ವಲ್ಲ, ಅದಕ್ಕೆ. ತೋಟಕ್ಕೆ ಹೋದ್ರೆ ಬಿಡುತ್ತೆ," ಎಂದಳು.

ಭಾವ ಒಳಗೆ ನುಗ್ಗಲು ಹೋದರು. ಮುನಿಶಾಮಪ್ಪ ಅಡ್ಡ ಬಂದ. ಕೆಟ್ಟ ಮನುಷ್ಯನಲ್ಲ ಅವನು, ಅದನ್ನೂ ಹೇಳಬೇಕು. ಭಾವನನ್ನು ಕೂರಿಸಿದ, ಕಾಫಿ ತರಿಸಿದ. ಅಕ್ಕನ ಹೆಸರೆತ್ತಿ ಕಣ್ಣಲ್ಲಿ ನೀರು ತಂದುಕೊಂಡ. ಆದರೆ ಜ್ವರಕ್ಕೆ ಕೂತ ಹುಳಕ್ಕೆ ಬಿಸಿ ತಪ್ಪಿಸಿದರೆ ಬೆಳೆ ಹೋಯಿತು, ಹುಳ ಹಣ್ಣಾದ ಮೇಲೆ ಡಬ್ಬ ನಿಮ್ಮದೇ, ಬಿಚ್ಚಿ, ಒಡೆಯಿರಿ ಎಂದ. ಭಾವ ಅವನ ಕೈ ಹಿಡಿದರು, ಆಮೇಲೆ ಕಾಲು ಹಿಡಿದರು. ನನ್ನ ಭಾವ ಯಾರ ಕಾಲನ್ನೂ ಹಿಡಿದವರಲ್ಲ. ಮುನಿಶಾಮಪ್ಪ ಅವರನ್ನು ಎಬ್ಬಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ.

"ನೀನೇ ಹೇಳ್ತಿದ್ದಲ್ಲ ಚಲಪತಣ್ಣ. ಹುಳ ನೋಡು, ಹೆಂಗೈತೆ. ಹುಳಕ್ಕೆ ಆಗೋ ಗಾಳಿ ನಮಗೆ ಆಗಲ್ವಾ?"

ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ಸಿಲಿಂಡರ್ ತಿರುಗಿಸಿ ಉರಿ ಆರಿಸಿ, ಫ್ಯಾನಿನ ವೈರನ್ನೂ ಕಿತ್ತೆ. ಗಲಾಟೆಯಾಯಿತು. ಅಕ್ಕಪಕ್ಕದವರು ಸೇರಿದರು, ನನ್ನ ಅಂಗಿ ಹರಿಯಿತು, ಇಬ್ಬರನ್ನೂ ರಸ್ತೆಗೆ ಬಿಟ್ಟು ಗೇಟು ಹಾಕಿಕೊಂಡರು. ನಾವು ಆಟೋ ಹತ್ತುವಷ್ಟರಲ್ಲಿ ಒಳಗೆ ಫ್ಯಾನು ತಿರುಗುವ ಸದ್ದು ಮತ್ತೆ ಕೇಳಿಸಿತು.

ಭಾವ ಆ ಸದ್ದನ್ನು ಕೇಳುತ್ತಾ ಕೂತರು. "ನನ್ನ ಮಾತು ಅವರು ಯಾವತ್ತೂ ಮೀರಿಲ್ಲ ಕಣೋ ಹರಿ," ಎಂದರು. "ಈಗ್ಲೂ ಮೀರ್ತಿಲ್ಲ."

ನಾನು ಯಾಮಿನಿಯ ಗಂಡನಿಗೆ ಫೋನ್ ಮಾಡಿದೆ. ಟೊಮೇಟೊ ಲಾರಿಯ ಜೊತೆ ಊರು ಬಿಟ್ಟು ಹೋಗಿದ್ದಾನೆ, ಅಪ್ಪನನ್ನೇ ಕೇಳಿ ಎಂದ. ಶಾಜಿಯಾ ತಾನೇ ಫೋನ್ ಮಾಡಿ ಮುನಿಶಾಮಪ್ಪನಿಗೆ ಬಿಡಿಸಿ ಹೇಳಿದಳು. ಆಯ್ತಮ್ಮ ಆಯ್ತಮ್ಮ ಎಂದನಂತೆ. ಪಂಚಾಯಿತಿ, ಪೊಲೀಸು, ಇನ್ನು ಯಾರಿಗೆ ಹೇಳಬೇಕೋ ಅವರಿಗೆಲ್ಲ ಹೇಳಿದೆ. ಆ ಮನೆಯಲ್ಲಿ ಏನಾದರೂ ಆಗಿದೆಯಾ ಎಂದು ಕೇಳುತ್ತಾರೆ. ಆಗಲಿ ಎಂದು ಕಾಯಬೇಕೇ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಯಾರಿಗೆ ಏನು ಬಂತು?

ಮಾರನೆಯ ದಿನದಿಂದ ಭಾವ ಮೊದಲ ಬಸ್ಸು ಹಿಡಿಯತೊಡಗಿದರು. ಬೆಂಚಿನ ಮೇಲೆ ಕೂರುತ್ತಾರೆ. ಯಾಮಿನಿ ಹೊರಗೆ ಬಂದು ತಿಂದುಳಿದ ಕಡ್ಡಿಯ ಮಂಕರಿಯನ್ನು ತಿಪ್ಪೆಗೆ ಸುರಿದು ಒಳಗೆ ಹೋಗುತ್ತಾಳೆ. ಅವಳನ್ನು ಕಂಡ ಮೇಲೆ ನನಗೊಂದು ಫೋನ್ ಮಾಡಿ, ಒಂದು ಟೀ ಕುಡಿದು ವಾಪಸು ಬರುತ್ತಾರೆ. ಕಿಟಕಿಯನ್ನಾದರೂ ತೆಗೆದಿಡಮ್ಮ ಎಂದು ಒಂದು ದಿನ ರಸ್ತೆಯಿಂದಲೇ ಕೂಗಿದರಂತೆ. ಅವಳು ಮಾವ ಮುನಿಶಾಮಪ್ಪನ ಕಡೆ ತಿರುಗಿ ನೋಡಿ ಒಳಗೆ ಹೋದಳಂತೆ.

ಈವತ್ತು ಹತ್ತು ಗಂಟೆಯಾದರೂ ಭಾವನ ಫೋನ್ ಬರಲಿಲ್ಲ. ನಾನೇ ಮಾಡಿದೆ. ಇನ್ನೂ ಬಂದಿಲ್ಲ ಎಂದರು. ಗಾಡಿ ನಿಲ್ಲಿಸಿ ಕಾದೆ. ಹನ್ನೊಂದಕ್ಕೆ ಅವರೇ ಮಾಡಿದರು. ಬಂದಳು, ಗೋಡೆ ಹಿಡಿದುಕೊಂಡು ಬಂದಳು, ಮಂಕರಿ ಅಲ್ಲೇ ಬಿಟ್ಟು ಹೋದಳು ಎಂದರು. ಇನ್ನೆಷ್ಟು ದಿನ ಭಾವ ಎಂದು ಕೇಳಿದೆ.

"ಹುಳ ಹಣ್ಣಾಗೋಕೆ ಇನ್ನೂ ನಾಲ್ಕು ದಿನ ಐತೆ," ಎಂದರು.